ಘಾನಾದ ಅಜ್ಜಿ ಹೂತಿಟ್ಟ ಮಣಿಸರ

ಮೊನ್ನೆ ಚಳಿ ಕಳೆಯಿತೆಂದು ತುಳಸಿ ಕುಂಡವನ್ನು ಹೊರಗಿಟ್ಟೆ. ಹಿತ್ತಲಿನಿಂದ ಹಸಿಮಣ್ಣಿನ ವಾಸನೆ ಬಂತು. ಎಲ್ಲರಿಗೂ ಹಿತವಾದ ವಾಸನೆ. ನನಗೆ ಮಾತ್ರ ಪಕ್ಕದ ಮನೆಯಲ್ಲಿದ್ದ ಘಾನಾದ ಅಜ್ಜಿಯ ನೆನಪು...

ಆಗ ನಾವು ಪರದೇಶಕ್ಕೆ, ಈ ಓಲ್ಡ್ ಬ್ರಿಡ್ಜ್‌ಗೆ ಹೊಸಬರು. ಅಜ್ಜಿಯ ಕೈತುಂಬ ಗಾಜಿನ ಮಣಿ. ನನ್ನ ಕರಿಮಣಿ ನೋಡಿ ಛೇಡಿಸುತ್ತಿದ್ದರು: "ಬರೀ ಕಪ್ಪು. ಬಣ್ಣದ್ದು ಕೊಡಿಸೋಕೆ ನಿನ್ನ ಗಂಡನಿಗೇನು ಕಷ್ಟ?"

ಅವರ ಅಜ್ಜಿಯ ಕಾಲದ ಸರವೊಂದಿತ್ತು. ನೀಲಿ, ಕೆಂಪು, ಬಿಳಿ ಪಟ್ಟೆಯ ಮಣಿಗಳು. ವೆನಿಸ್‌ನಲ್ಲಿ ಮಾಡಿ ಹಡಗಿನಲ್ಲಿ ಆಫ್ರಿಕಾಕ್ಕೆ ತಂದವು. ಅಂಥ ಮಣಿ ಕೊಟ್ಟು ಬಿಳಿಯರು ಚಿನ್ನ, ಆನೆದಂತ ಒಯ್ದರಂತೆ. ಮನುಷ್ಯರನ್ನೂ.

"ಅಂಥದ್ದನ್ನ ಮನೇಲಿ ಯಾಕೆ ಇಟ್ಕೊಂಡಿದೀರಿ, ಆಂಟಿ?" ಎಂದೆ.

"ತಂದೋರು ಕೆಟ್ಟೋರು. ನಮ್ಮ ಹೆಂಗಸರು ಮೈಮೇಲೆ ಹಾಕ್ಕೊಂಡು, ಹೆತ್ತು, ಸತ್ತು, ಅವನ್ನ ನಮ್ಮವು ಮಾಡ್ಕೊಂಡರು," ಎಂದರು.

ಮೊಮ್ಮಗಳು ದೊಡ್ಡವಳಾದಾಗ ಅವಳ ಸೊಂಟಕ್ಕೆ ಕಟ್ಟಬೇಕೆಂಬುದೇ ಅವರ ಆಸೆ. ಅಲ್ಲಿಯವರೆಗೆ, ತಮ್ಮ ಕಡೆಯ ಪದ್ಧತಿಯಂತೆ, ಸರವನ್ನು ಮಡಕೆಯಲ್ಲಿಟ್ಟು ಹಿತ್ತಲಿನಲ್ಲಿ ಹೂತಿದ್ದರು. ನೆಲದೊಳಗೆ ಮಣಿ ಬೆಳೆಯುತ್ತದೆ ಎಂಬ ನಂಬಿಕೆ. ಆ ನೆಲವೇ ಕೈಬಿಟ್ಟು ಹೋಗಬಹುದೆಂದು ಅವರಿಗೆ ಹೊಳೆದಿರಲಿಲ್ಲ.

ಬ್ಯಾಂಕುಗಳು ಮುಳುಗುತ್ತಿದ್ದ ಕಾಲ. ಅವರ ಮಗನ ಕೆಲಸ ಹೋಯಿತು, ಸಾಲ ಕಟ್ಟಲಾಗದೆ ಮನೆ ಫೋರ್‌ಕ್ಲೋಶರ್ ಆಗಿ ಬ್ಯಾಂಕಿನ ಪಾಲಾಯಿತು. ಜನವರಿಯಲ್ಲಿ ಮನೆ ಬಿಡಿಸಲು ಬಂದ ದಿನ ಅಜ್ಜಿ ಬೆಳಗಿನಿಂದ ಹಿತ್ತಲು ಅಗೆಯುತ್ತಿದ್ದರು. ಚಳಿಗೆ ನೆಲ ಕಲ್ಲಾಗಿತ್ತು. ನಾನು ಪಾತ್ರೆಗಟ್ಟಲೆ ಬಿಸಿನೀರು ತಂದು ಸುರಿದೆ; ಸುರಿದದ್ದೂ ಹೆಪ್ಪುಗಟ್ಟಿತು. ಸಲಿಕೆಯ ಹಿಡಿ ಮುರಿಯಿತು...

"ಚಳಿ ಹೋದ್ಮೇಲೆ ನೀನೇ ತೆಗೆದಿಡು, ಮಗಳೇ," ಎಂದು ವ್ಯಾನ್ ಹತ್ತಿದರು. ನ್ಯೂವಾರ್ಕ್‌ನಲ್ಲಿ ಮಗಳ ಮನೆಯಾದರೂ ಇತ್ತಲ್ಲ, ಬೀದಿಗೆ ಬೀಳಲಿಲ್ಲ. ಅದನ್ನೂ ದೇವರ ದಯೆ ಎಂದೇ ಎಣಿಸಿಕೊಂಡೆ.

ಮಾರ್ಚ್‌ನಲ್ಲಿ ಸಲಿಕೆ ಹಿಡಿದು ಹೋದಾಗ ಬ್ಯಾಂಕಿನವರು ಕಳಿಸಿದ್ದ ಆಳು ಬೇಲಿಯಲ್ಲೇ ತಡೆದ. "ಈ ಜಾಗ ನಿಮ್ಮದಾ? ಅಲ್ವಲ್ಲ. ಹೋಗಿ," ಎಂದ. ಮಣ್ಣು ಆಗ ಬೆಣ್ಣೆಯಂತೆ ಮೆತ್ತಗಿತ್ತು. ಬೇಸಿಗೆಯಲ್ಲಿ ಯಂತ್ರ ತಂದು ಹಿತ್ತಲು ಅಗೆದು ಕಾಂಕ್ರೀಟ್ ಹಾಕಿ ಪ್ಯಾಟಿಯೋ ಮಾಡಿದರು. ಮಡಕೆ ಲಾರಿಯಲ್ಲಿ ಹೋಯಿತೋ, ಅಡಿಯಲ್ಲೇ ಉಳಿಯಿತೋ... ಮೊಮ್ಮಗಳಿಗೆ ಅಂಗಡಿಯ ಮಣಿ ಕಟ್ಟಿದರಂತೆ. ಆ ಶಾಸ್ತ್ರ ಮುಗಿದ ವರ್ಷವೇ ಅಜ್ಜಿ ತೀರಿಕೊಂಡರು.

ಈಗ ಆ ಮನೆಯಲ್ಲಿ ನಮ್ಮ ಕನ್ನಡದವರೇ ಇದ್ದಾರೆ. ಒಳ್ಳೆಯವರು. ನಿನ್ನೆ ಆ ಪ್ಯಾಟಿಯೋ ಮೇಲೆ ಸತ್ಯನಾರಾಯಣ ಪೂಜೆ. ನನಗೆ ಪ್ರಸಾದ ಕೊಡುತ್ತ ಆ ಮನೆಯ ಹುಡುಗಿ ಹೇಳಿದಳು, "ಈ ಜಾಗ ತುಂಬಾ ಲಕ್ಕಿ, ಆಂಟಿ. ಫೋರ್‌ಕ್ಲೋಶರ್‌ದು, ಒಳ್ಳೇ ಡೀಲ್‌ಗೆ ಸಿಕ್ತು."

"ಹೌದಮ್ಮ," ಎಂದೆ. ದೇವರ ಮುಂದೆ ಕೂತು ಇನ್ನೇನು ಹೇಳಲಿ? ಅಲ್ಲಿ ಹಿಂದೆ ಯಾರಿದ್ದರೆಂದು ಬಲ್ಲವಳು ಈ ಬೀದಿಯಲ್ಲಿ ಈಗ ನಾನೊಬ್ಬಳೇ.