ಗಿರಣಿಯ ಗೋಡೆಗೆ ಆತು ನಿಂತವನು

ಆ ಸುದ್ದಿಯನ್ನು ನನಗೆ ಓದಿ ಹೇಳಿದವರು ನಮ್ಮ ಮನೆಯವರು. ಪೇಪರನ್ನು ಗಟ್ಟಿಯಾಗಿ ಓದುವುದು ಅವರ ಚಟ. ಕೇಳುವವರು ಇದ್ದರೂ ಸರಿ, ಇಲ್ಲದಿದ್ದರೂ ಸರಿ. ನರಗುಂದದ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು ಓದಿದರು: ಗಜೇಂದ್ರಗಡದಲ್ಲಿ ಸೀರೆ ನೇಯುವ ಹೆಣ್ಣುಮಗಳ ಕೊಲೆ, ಮದುವೆಗೆ ಒಪ್ಪಲಿಲ್ಲವೆಂಬ ಸಿಟ್ಟಿನ ಶಂಕೆ, ಪರಿಚಯದವನೊಬ್ಬ ಪೊಲೀಸರ ವಶಕ್ಕೆ. ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ. ಅವನ ಊರು, ಮನೆತನದ ಹೆಸರು ಕಿವಿಗೆ ಬಿದ್ದಾಗ ಹಿಟ್ಟಿನ ಕೈಯಲ್ಲೇ ಎದ್ದು ಬಂದೆ. ಫೋಟೋದಲ್ಲಿ ಇಬ್ಬರು ಪೊಲೀಸರ ನಡುವೆ ನಿಂತಿದ್ದ. ಕೂದಲು ಉದುರಿತ್ತು, ಹೊಟ್ಟೆ ಬಂದಿತ್ತು. ನಿಂತ ರೀತಿ ಮಾತ್ರ ಅದೇ, ಒಂದು ಭುಜ ಸ್ವಲ್ಪ ಕೆಳಗೆ.

"ಯಾಕ, ಗುರ್ತಿನಾವ ಏನು?" ಎಂದರು.

"ನನ್ನ ನೋಡಾಕ ಬಂದಿದ್ದಾವ" ಎಂದೆ.

ಅವರು ಫೋಟೋ ನೋಡಿದರು, ನನ್ನನ್ನು ನೋಡಿದರು. "ಪಾರಾದಿ ಬಿಡು" ಎಂದು ಪುಟ ತಿರುವಿ ಹವಾಮಾನದ ಸುದ್ದಿಗೆ ಹೋದರು. ಹಂಚಿನ ಮೇಲೆ ಬಿಟ್ಟು ಬಂದಿದ್ದ ರೊಟ್ಟಿ ಕರಿದಾಗಿತ್ತು. ಅದನ್ನು ನಾನೇ ತಿಂದೆ.

ನಮ್ಮ ಕಡೆ ಕನ್ಯೆ ನೋಡುವ ಶಾಸ್ತ್ರಕ್ಕಿಂತ ಮೊದಲು ಇನ್ನೊಂದು ನೋಡುವುದು ಇರುತ್ತದೆ. ಗಂಡಿನ ಕಡೆಯವರು ಹೇಳದೆ ಕೇಳದೆ ಬಂದು ಹುಡುಗಿಯನ್ನು ದೂರದಿಂದ ನೋಡಿಕೊಂಡು ಹೋಗುತ್ತಾರೆ. ನಳದ ಹತ್ತಿರ, ಸಂತೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ. ನಡಿಗೆ ಹೇಗಿದೆ, ದನಿ ಎಷ್ಟು ದೊಡ್ಡದು, ಯಾರ ಜೊತೆ ನಗುತ್ತಾಳೆ ಎಂಬುದನ್ನೆಲ್ಲ ಗಮನಿಸುತ್ತಾರೆ. ಹೇಳದೆ ಬರುವುದು ಹೆಸರಿಗೆ ಮಾತ್ರ. ಹೆಣ್ಣಿನ ಮನೆಗೆ ಮೊದಲೇ ಸುಳಿವು ಸಿಕ್ಕಿರುತ್ತದೆ, ಗೊತ್ತಿಲ್ಲದವರಂತೆ ಇರುವುದೇ ಪದ್ಧತಿ. ಸಾಮಾನ್ಯವಾಗಿ ಹುಡುಗನ ಸೋದರಮಾವನೋ ಅಕ್ಕನೋ ಬಂದು ಹೋಗುತ್ತಾರೆ. ನನ್ನ ಪಾಲಿಗೆ ಹುಡುಗ ತಾನೇ ಬಂದ.

ನನ್ನ ತವರು ರೋಣ. ಮನೆಯ ಎದುರಿಗೇ ಹಿಟ್ಟಿನ ಗಿರಣಿ. ಗಜೇಂದ್ರಗಡದ ಆಚೆಯ ಊರಿನವನು ಹೆಗಲ ಮೇಲೆ ಜೋಳದ ಚೀಲ ಹೊತ್ತು, ಬಸ್ಸು ಹತ್ತಿ, ನಮ್ಮ ಓಣಿಗೆ ಬಂದು ಹಿಟ್ಟು ಬೀಸಿಸಿಕೊಂಡು ಹೋಗುತ್ತಾನೆಂದರೆ ಕುರುಡರಿಗೂ ಅರ್ಥವಾಗುವ ಮಾತು. ನನ್ನ ಅವ್ವ ಕಿಟಕಿಯಿಂದ ನೋಡಿ, "ಅವರೂರಾಗ ಗಿರಣಿ ಕೆಟ್ಟಿರಬೇಕು. ಇಲ್ಲಾ ರೋಣದ ಹಿಟ್ಟಿನ ರುಚಿ ಹತ್ತಿರಬೇಕು" ಎನ್ನುತ್ತಿದ್ದಳು. ಎಂದು ನನ್ನ ಕೈಗೆ ಕೊಡ ಕೊಡುತ್ತಿದ್ದಳು.

"ಹಂಡೆ ತುಂಬೇತಿ ಯವ್ವಾ."

"ಹಂಗಾರ ಗಿಡಕ್ಕ ಹಾಕೂಣು. ಹೋಗು."

ಅವನು ಗಿರಣಿಯ ಗೋಡೆಗೆ ಆತು ನಿಂತಿರುತ್ತಿದ್ದ. ನಾನು ತಲೆ ಎತ್ತಿ ನೋಡಿದವಳಲ್ಲ. ಆದರೆ ತಲೆ ತಗ್ಗಿಸಿದವರಿಗೂ ಬೇಕಾದಷ್ಟು ಕಾಣುತ್ತದೆ. ಹುಬ್ಬಿನ ಮೇಲೆ ಕೂತ ಹಿಟ್ಟಿನ ಧೂಳು ಕಂಡಿತ್ತು, ಬೆಲ್ಟಿನ ಚಪ್ಪಲಿ ಕಂಡಿತ್ತು, ನಾನು ದಾಟುವಾಗ ಅವನು ಬೀಡಿಯನ್ನು ಬೆನ್ನ ಹಿಂದೆ ಮುಚ್ಚಿಕೊಂಡದ್ದು ಕಂಡಿತ್ತು. ಆ ಬೀಡಿ ಮುಚ್ಚಿಕೊಂಡದ್ದು ನನಗೆ ಬಹಳ ಸೇರಿತು. ತುಂಬಿದ ಕೊಡ ಹೊತ್ತವಳು ಲಗುಬಗೆಯಿಂದ ನಡೆಯಬೇಕು. ನಾನು ಮದುಮಗಳ ಹಾಗೆ ನಡೆದೆ. ಒಂದು ಸಲ ದೀಪಾವಳಿಗೆಂದು ತಂದ ಹಳದಿ ಸೀರೆಯನ್ನು ನೀರಿಗೆ ಹೋಗುವಾಗ ಉಟ್ಟುಕೊಂಡೆ. ಅವ್ವ ನೋಡಿಯೂ ಸುಮ್ಮನಿದ್ದಳು. ಅಣ್ಣನ ಹೆಂಡತಿ, ನಮ್ಮ ವೈನಿ, "ಹುಡುಗ ಭಾಳ ಮನಸ ಮಾಡ್ಯಾನ. ನಿನ್ನ ಪುಣ್ಯಾ ಚಲೋ ಐತಿ" ಎಂದು ನನ್ನ ಗಲ್ಲ ಹಿಂಡಿದಳು. ಆ ದಿನಗಳಲ್ಲಿ ನಾನು ಸುಖವಾಗಿದ್ದೆ. ಇದನ್ನು ಈಗ ಹೇಳಿಕೊಳ್ಳಲು ನಾಲಿಗೆ ತಡೆಯುತ್ತದೆ, ಆದರೆ ಸುಳ್ಳು ಬರೆಯುವುದಾದರೆ ಬರೆಯುವುದೇಕೆ.

ಆಮೇಲೆ ಶಾಸ್ತ್ರಕ್ಕೆ ಬಂದರು, ಒಗ್ಗರಣೆ ಅವಲಕ್ಕಿ ತಿಂದರು, ಹೋದರು. ನಮ್ಮ ದೊಡ್ಡಪ್ಪ ಅವರ ಊರಿಗೆ ಹೋಗಿ ವಿಚಾರಿಸಿಕೊಂಡು ಬಂದ. "ಅಣ್ಣತಮ್ಮರು ಒಂದು ಹಿಂಡ ಅದಾರ, ಹೊಲ ನೋಡಿದ್ರ ಅಂಗೈಯಷ್ಟು. ಬ್ಯಾಡ" ಎಂದ. ದೊಡ್ಡಪ್ಪ ಬೇಡ ಎಂದಮೇಲೆ ಮುಗಿಯಿತು. ನನ್ನನ್ನು ಕೇಳಲಿಲ್ಲ, ನಾನೂ ಕೇಳುತ್ತಾರೆಂದು ಕಾಯಲಿಲ್ಲ.

ಬೇಡವೆಂಬ ಮಾತು ಅವರ ಮನೆ ಮುಟ್ಟಿದ ಮೇಲೂ ಅವನು ಬಂದ. ಈಗ ಚೀಲವಿರಲಿಲ್ಲ. ಬೀಸಿಸುವ ನೆಪವೂ ಇಲ್ಲದೆ ಅದೇ ಗೋಡೆಗೆ ಆತು ನಿಂತ. ಅವ್ವ ನನಗೆ ಕೊಡ ಕೊಡುವುದನ್ನು ನಿಲ್ಲಿಸಿದ್ದಳು. ನಾನು ಅಡಿಗೆಮನೆಯ ಸಂದಿಯಿಂದ ನೋಡುತ್ತಿದ್ದೆ. ಅವನು ನಮ್ಮ ಬಾಗಿಲನ್ನೇ ನೋಡುತ್ತ ಬಸ್ಸಿನ ಹೊತ್ತಾಗುವ ತನಕ ನಿಂತು ಹೋಗುತ್ತಿದ್ದ. ನನಗೆ ನರಗುಂದದ ಸಂಬಂಧ ಗಟ್ಟಿಯಾಗುವ ತನಕವೂ ಬಂದ. ಅವನು ಹಾಗೆ ಬಂದದ್ದನ್ನು ನಾನು ಯಾರಿಗೂ ಹೇಳಲಿಲ್ಲ. ಅದು ನನ್ನದಾಗಿತ್ತು. ನಮ್ಮ ಮನೆಯವರು ಒಳ್ಳೆಯವರು, ಒಂದು ದಿನ ಕೈ ಎತ್ತಿದವರಲ್ಲ. ಆದರೆ ಊಟದ ತಾಟಿಗೆ ಬಿಟ್ಟರೆ ಅವರು ಇನ್ನಾವುದಕ್ಕೂ ಕಾದದ್ದನ್ನು ನಾನು ಕಂಡಿಲ್ಲ. ಬೇಸರವಾದ ಮಧ್ಯಾಹ್ನಗಳಲ್ಲಿ, ಹೊಲಿಗೆ ಮಷೀನಿನ ಮುಂದೆ ಕೂತಾಗ, ನನಗಾಗಿ ಒಬ್ಬ ಬಿಸಿಲಲ್ಲಿ ನಿಂತಿದ್ದ ಎಂದು ನೆನೆಸಿಕೊಳ್ಳುತ್ತಿದ್ದೆ. ಅವನು ಬೇಕೆಂದಲ್ಲ. ಆ ನಿಲ್ಲುವುದು ಬೇಕಾಗಿತ್ತು.

ಪೇಪರಿನಲ್ಲಿ ಸುದ್ದಿ ಬಂದ ಮೇಲೆ ನಮ್ಮ ಮನೆ ಅಂತೆಕಂತೆಗಳ ಸಂತೆಯಾಯಿತು. ನಾನು ಜಂಪರ್ ಹೊಲಿಯುವವಳು. ಅಳತೆ ಕೊಡಲು ಬಂದವರೆಲ್ಲ ತನಿಖೆ ಮಾಡಿಯೇ ಹೋದರು. ಅವನ ಹೆಂಡತಿ ಸತ್ತು ವರ್ಷಗಳಾಗಿದ್ದವಂತೆ. ಕೊಲೆಯಾದವಳೂ ಗಂಡನನ್ನು ಕಳೆದುಕೊಂಡು ಅಕ್ಕನ ಜೊತೆ ಇದ್ದವಳಂತೆ, ಇಬ್ಬರೂ ಮನೆಯಲ್ಲೇ ಮಗ್ಗ ಹಾಕಿಕೊಂಡಿದ್ದರಂತೆ. ಮಗ್ಗದ ಸಪ್ಪಳ ಕೇಳಿಯೇ ಅವಳು ಮನೆಯಲ್ಲಿದ್ದಾಳೋ ಇಲ್ಲವೋ ಎಂದು ಅವನು ತಿಳಿದುಕೊಳ್ಳುತ್ತಿದ್ದನೆಂದು ಒಬ್ಬಳು ಹೇಳಿದಳು. ನೇಯ್ದ ಸೀರೆ ಕೊಡಲು ಅವಳು ಯಾವ ದಿನ ಯಾವ ದಾರಿ ಹಿಡಿಯುತ್ತಾಳೆಂದು ತಿಂಗಳುಗಟ್ಟಲೆ ನೋಡಿಟ್ಟಿದ್ದನೆಂದು ಇನ್ನೊಬ್ಬಳು. ಕೋರ್ಟಿಗಿಂತ ಮೊದಲು ನಮ್ಮ ಓಣಿಯಲ್ಲಿ ತೀರ್ಪಾಗಿತ್ತು. ತೀರ್ಪು ಅವನ ಮೇಲಷ್ಟೇ ಆಗಿದ್ದರೆ ನಾನು ಸುಮ್ಮನಿರುತ್ತಿದ್ದೆ.

"ಒಂದ ಕೈಲಿ ಚಪ್ಪಾಳಿ ಆಗೂದಿಲ್ಲರಿ. ಅಕೀನೂ ಮೊದಲ ನಕ್ಕಿರಬೇಕು" ಎಂದಳು ಪಕ್ಕದ ಮನೆಯಾಕೆ.

ಅವಳ ಜಂಪರಿಗೆ ನಾನು ತೋಳು ಬಿಗಿಯಾಗಿ ಹೊಲಿದೆ. ನನ್ನ ಕೈಲಾದದ್ದು ಅಷ್ಟೇ.

ವೈನಿ ರೋಣದಿಂದ ಫೋನು ಮಾಡಿದಳು. "ಆವಾಗನ ನಿನ್ನ ಬೆನ್ನ ಹತ್ತಿದ್ದನಲ್ಲ ಆ ಖೋಡಿ. ನಿನ್ನ ಪುಣ್ಯಾ ಚಲೋ ಐತಿ" ಎಂದಳು. ಅದೇ ಬಾಯಿ, ಅದೇ ಪುಣ್ಯ. ಫೋನು ಇಟ್ಟು ಮಷೀನಿಗೆ ಮರಳಿದೆ. ಅಲ್ಲಿಂದ ಮುಂದೆ ನನಗೂ ಊರಿನ ರೋಗವೇ ಹತ್ತಿತು. ಗಜೇಂದ್ರಗಡದಲ್ಲಿ ಅವನು ಎಲ್ಲಿ ನಿಲ್ಲುತ್ತಿದ್ದಿರಬಹುದು? ಅಲ್ಲಿಯೂ ಏನಾದರೂ ನೆಪ ಹಿಡಿದು ಬರುತ್ತಿದ್ದನೇ? ಅವಳನ್ನು ಕಂಡಾಗ ಬೀಡಿ ಮುಚ್ಚಿಕೊಂಡನೇ? ನಿಲ್ಲುವುದು ಬಿಟ್ಟು ಹಿಂದೆ ಬರಲು ಶುರುಮಾಡಿದ್ದು ಯಾವಾಗ? ಅವಳು ಬೇಡ ಎಂದ ದಿನವೇ, ಅಥವಾ ಅವಳು ಚಂದದ ಸೀರೆ ಉಟ್ಟು ಹೊರಗೆ ಬಂದ ಯಾವುದೋ ಒಳ್ಳೆಯ ದಿನವೇ ಅದು ಅವನೊಳಗೆ ಕೂತಿತ್ತೇ? ಬಟ್ಟೆ ಕತ್ತರಿಸುತ್ತ ಕತ್ತರಿಸುತ್ತ ನಾನು ಅವನ ಲೆಕ್ಕಾಚಾರವನ್ನೆಲ್ಲ ಹಾಕುತ್ತಿದ್ದೆ. ಎಲ್ಲಿಂದ ಶುರುಮಾಡಿದರೂ ರೋಣದ ಗಿರಣಿಗೇ ಬಂದು ನಿಲ್ಲುತ್ತಿದ್ದೆ.

ವೈನಿಯ ಬಾಯಿಗೆ ಬೀಗವಿಲ್ಲ. ಮಾತು ಬಸ್ಸು ಹತ್ತಿ ಗಜೇಂದ್ರಗಡ ಮುಟ್ಟಿತು. ಒಂದು ಮುಂಜಾನೆ ನಮ್ಮ ಬಾಗಿಲಿಗೆ ಒಬ್ಬ ಹೆಂಗಸು ಬಂದು ನಿಂತಳು. ನನಗಿಂತ ನಾಲ್ಕಾರು ವರ್ಷಕ್ಕೆ ದೊಡ್ಡವಳಿರಬೇಕು. ಬೆರಳ ತುದಿಗಳಲ್ಲಿ ಬಣ್ಣದ ನೂಲಿನ ಕಲೆ.

"ರೋಣದ ನಿಮ್ಮ ವೈನಿಯವರು ವಿಳಾಸ ಕೊಟ್ರು ಅಕ್ಕಾರ. ಸತ್ತಾಕಿ ನನ್ನ ತಂಗಿ" ಎಂದಳು.

"ಬರ್ರಿ ಅಕ್ಕಾರ" ಎಂದು ಚಾಪೆ ಹಾಸಿದೆ. ನೀರು ಕೊಟ್ಟೆ. ಚಹಾ ಬೇಡವೆಂದಳು. ಲೋಟ ಕೆಳಗಿಟ್ಟು ಕೇಳಿದಳು.

"ಅವಾ ನಿಮ್ಮ ಮನಿ ಮುಂದೂ ನಿಲ್ತಿದ್ನಂತ, ಖರೇ ಏನ್ರಿ?"

"ಖರೇ ರಿ."

"ನಿಮ್ಮವರು ಒಲ್ಲೆ ಅಂದ ಮ್ಯಾಲ ನಿಲ್ಲೂದು ಬಿಟ್ನೇನ್ರಿ?"

ಬಿಟ್ಟ ಎಂದರೆ ಮುಗಿಯುತ್ತಿತ್ತು. ನನ್ನದು ನನ್ನಲ್ಲಿ ಉಳಿಯುತ್ತಿತ್ತು, ಅವಳು ಬಸ್ಸು ಹತ್ತಿ ಹೋಗುತ್ತಿದ್ದಳು. ನಾನು ಯೋಚಿಸುತ್ತಿರುವುದನ್ನು ಅವಳು ಬೇರೆ ರೀತಿ ತಿಳಿದುಕೊಂಡಳೋ ಏನೋ, ಮೆತ್ತಗೆ ಮಾತಾಡತೊಡಗಿದಳು.

"ಮಂದಿ ಅಂದಿದ್ದು ಅನ್ಲಿ ಬಿಡ್ರಿ. ಈಗೀಗ ನನಗೂ ಹಂಗ ಅನ್ನಿಸಾಕ ಹತ್ತೇತಿ. ಅಕಿ ಮೊದಲ ಅವನ ಕೂಡ ಮಾತಾಡಿದ್ದು ಖರೇ. ಮದುವಿ ಅಂದಾಗ ವಿಚಾರ ಮಾಡ್ತೀನಿ ಅಂದಿದ್ದೂ ಖರೇ. ಆಮ್ಯಾಲ ಬ್ಯಾಡ ಅಂದ್ಲು. ಅಕಿ ಆಸೆ ಹಚ್ಚಲಿಲ್ಲಾ ಅಂದ್ರ ಅವಾ ಹಂಗ ಮಾಡ್ತಿದ್ದಿಲ್ಲೇನೋ ಅಂತ, ಮಗ್ಗದ ಮುಂದ ಕುಂತಾಗೆಲ್ಲಾ ಅಕೀ ಮ್ಯಾಲ ಸಿಟ್ಟ ಬರ್ತೈತ್ರಿ. ಸತ್ತಾಕಿ ಮ್ಯಾಲ ಸಿಟ್ಟ. ಅಳಾಕ ಹೋದ್ರ ಅಳು ಬರೂದಿಲ್ಲ."

ಆಗ ಹೇಳಿದೆ. "ಬಿಡಲಿಲ್ಲರಿ. ಬ್ಯಾಡ ಅಂದ ಮ್ಯಾಲೂ ಬಂದ. ನಾ ಅವನ ಕೂಡ ಒಂದ ಮಾತು ಆಡಿದಾಕಿ ಅಲ್ಲ, ಆದ್ರೂ ಬಂದ. ನನ್ನ ಲಗ್ನ ಗಟ್ಟಿ ಆಗೂ ಮಟಾ ಬಂದ."

ಹೇಳುತ್ತಿದ್ದ ಹಾಗೆಯೇ ಆ ಮಾತು ನನ್ನ ಕಿವಿಗೇ ಬೇರೆಯಾಗಿ ಕೇಳಿಸಿತು. ಇಷ್ಟು ವರ್ಷ ನನ್ನೊಳಗೆ ಅದು ಒಲವಾಗಿತ್ತು. ಅವಳ ಮುಂದೆ ಬಾಯಿಬಿಟ್ಟು ಹೇಳಿದಾಗ ಸಾಕ್ಷಿಯಾಯಿತು.

"ನಿಮಗ ಅಂಜಿಕಿ ಬರಲಿಲ್ಲೇನ್ರಿ?"

"ಇಲ್ಲರಿ. ಅವಾ ಬರೂದು ನನಗ ಬೇಕಾಗಿತ್ತು."

ಅವಳು ನನ್ನನ್ನು ದಿಟ್ಟಿಸಿ ನೋಡಿದಳು. ಬಯ್ಯಬಹುದು, ಎದ್ದು ಹೋಗಬಹುದು ಎಂದುಕೊಂಡೆ. "ಅಕಿಗೂ ಮೊದಲ ಬೇಕಾಗಿತ್ತೇನೋ" ಎಂದಳು. "ಬೇಕಾದ್ರ ಏನಾತು, ಅಲ್ಲರಿ?"

"ಏನೂ ಆಗಲಿಲ್ಲರಿ" ಎಂದೆ. "ಬ್ಯಾಡ ಅಂದ ಮ್ಯಾಲೂ ಬಂದದ್ದು ಅವಂದು. ಅದರಾಗ ನಿಮ್ಮ ತಂಗಿದೇನೂ ಇಲ್ಲ."

ಆಗ ಅವಳಿಗೆ ಅಳು ಬಂತು. ಸೆರಗನ್ನು ಬಾಯಿಗೆ ಒತ್ತಿಕೊಂಡು, ಮೈಯೆಲ್ಲ ಅಲುಗಿಸಿಕೊಂಡು ಅತ್ತಳು. ನಡುನಡುವೆ ತಂಗಿಯನ್ನು ಮನೆಯ ಹೆಸರಿನಿಂದ ಕರೆಯುತ್ತಿದ್ದಳು. ನಾನು ಒಳಗೆ ಹೋಗಿ ಚಹಾ ಇಟ್ಟೆ. ಈ ಸಲ ಕುಡಿದಳು.

ನಮ್ಮ ಮನೆಯವರಿಗೆ ಅಂದೇ ಎಲ್ಲವನ್ನೂ ಹೇಳಿದೆ, ಅಡಿಗೆಮನೆಯ ಸಂದಿಯಿಂದ ನೋಡುತ್ತಿದ್ದದ್ದನ್ನು ಬಿಟ್ಟು. ಅವರು ಕೇಳಿ, "ಹೇಳಿದ್ದು ಚಲೋ ಆತು" ಎಂದರು. ಹಳೆಯ ಮಾತು ಕೋರ್ಟಿನಲ್ಲಿ ನಡೆಯುವುದಿಲ್ಲವೆಂದು ವಕೀಲರು ಸತ್ತವಳ ಅಕ್ಕನಿಗೆ ಹೇಳಿದರಂತೆ. ಅವಳಿಗೆ ಅದು ಕೋರ್ಟಿಗಾಗಿ ಬೇಕಾಗಿರಲಿಲ್ಲ. ಆದರೂ ತಾರೀಖು ಬಂದಾಗ ಫೋನು ಮಾಡಿ, "ಒಬ್ಬಾಕೀನ ಕುಂಡ್ರಾಕ ಆಗೂದಿಲ್ರಿ ಅಕ್ಕಾರ, ಜೋಡಿ ಬರ್ತೀರೇನು?" ಎಂದಳು. ಬರುತ್ತೇನೆ ಎಂದೆ. ಅವಳಿಗಾಗಿ ಹೋದೆ ಎಂದರೆ ಅರ್ಧ ನಿಜ. ಅಂದು ಬೆಳಿಗ್ಗೆ ಟ್ರಂಕಿನ ಮುಂದೆ ನಿಂತು ಯಾವ ಸೀರೆ ಉಡಲಿ ಎಂದು ಯೋಚಿಸಿದೆ. ಯೋಚಿಸಿದ್ದಕ್ಕೆ ನನಗೆ ನನ್ನ ಮೇಲೇ ಸಿಟ್ಟು ಬಂತು. ಸಿಟ್ಟಿನಲ್ಲೇ ಇದ್ದುದರಲ್ಲಿ ಚಂದದ್ದನ್ನು ಉಟ್ಟೆ.

ಕೋರ್ಟಿನ ವರಾಂಡದಲ್ಲಿ ಒಂದು ಉದ್ದನೆಯ ಬೆಂಚು. ಇಬ್ಬರೂ ಒತ್ತಾಗಿ ಕೂತಿದ್ದೆವು. ಪೊಲೀಸರು ಅವನನ್ನು ಆ ಕಡೆಯಿಂದ ಕರೆದುಕೊಂಡು ಬಂದರು. ನಮ್ಮ ಹತ್ತಿರ ಬರುತ್ತಿದ್ದಂತೆ ಯಾರಿಗೋ ದಾರಿ ಬಿಡಲು ನಿಂತರು, ಅವನೂ ನಿಂತ. ಅಕ್ಕನನ್ನು ನೋಡಿದ, ಮುಖ ತಿರುಗಿಸಿದ. ತಿರುಗಿಸಿದ ಮುಖ ನನ್ನ ಕಡೆ ಬಂತು. ನನ್ನ ಜನ್ಮದಲ್ಲಿ ಮೊದಲ ಸಲ ನಾನು ತಲೆ ಎತ್ತಿ ಅವನನ್ನು ಎದುರೆದುರೇ ನೋಡಿದೆ. ಅವನೂ ನೋಡಿದ. ಯಾರೆಂದು ತಿಳಿಯದವರನ್ನು ನೋಡುವ ಹಾಗೆ, ಸತ್ತವಳ ಕಡೆಯ ಬಂಧುವೊಬ್ಬಳು ಇರಬೇಕು ಎನ್ನುವ ಹಾಗೆ ನೋಡಿದ. ನಾನು ಕಣ್ಣು ತೆಗೆಯಲಿಲ್ಲ, ಇನ್ನೊಂದಿಷ್ಟು ಹೊತ್ತು ಕೊಟ್ಟೆ. ಅವನಿಗೆ ನನ್ನ ಗುರುತು ಹತ್ತಲಿಲ್ಲ. ಪೊಲೀಸರು ಮುಂದೆ ನಡೆಸಿಕೊಂಡು ಹೋದರು.

ನನ್ನ ಕಣ್ಣಲ್ಲಿ ನೀರು ಬಂದದ್ದು ನನಗೆ ತಿಳಿಯಲಿಲ್ಲ. ಅಕ್ಕ ನನ್ನ ಕೈ ಹಿಡಿದುಕೊಂಡು ತನ್ನ ಸೆರಗಿನಿಂದ ನನ್ನ ಮುಖ ಒರೆಸಿದಳು. "ಅಳಬ್ಯಾಡ ತಂಗೀ" ಎಂದಳು. "ನನ್ನ ತಂಗಿನ್ನ ನೀ ಒಂದ ದಿನ ನೋಡಿದಾಕಿ ಅಲ್ಲ, ಅಕೀ ಸಲುವಾಗಿ ಇಷ್ಟ ಅಳ್ತೀಯಲ್ಲ."

ನಾನು ಅಲ್ಲವೆನ್ನಲಿಲ್ಲ.