ಐಸಿಯು ದಾಟಿ ಬಂದವರ ಬಾಗಿಲಲ್ಲಿ ಶಾಂಭವಿ

ಪಂಚನಹಳ್ಳಿಯಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಐಸಿಯುನಿಂದ ಮರಳಿರುವ ಓಬಳಪ್ಪನವರ ಮನೆ ಮುಂದೆ ಸ್ಕೂಟರ್ ನಿಲ್ಲಿಸಿದ ಶಾಂಭವಿ ತಕ್ಷಣ ಬಾಗಿಲು ತಟ್ಟುವುದಿಲ್ಲ. ಒಳಗಿನಿಂದ ಅಳುವೇನಾದರೂ ಕೇಳುತ್ತಿದೆಯೇ ಎಂದು ಕಿವಿಗೊಡುತ್ತಾರೆ. ನಿನ್ನೆಯಿಂದ ಆ ಮನೆಯವರು ಫೋನ್ ಎತ್ತಿಲ್ಲ.

ಐಸಿಯುನಲ್ಲಿ ಬದುಕುಳಿದವರು ಮನೆಗೆ ಮರಳಿದ ಮೇಲೆ ಹೇಗಿರುತ್ತಾರೆ ಎಂಬ ಬಗ್ಗೆ ವೈದ್ಯಕೀಯ ಕಾಲೇಜೊಂದು ಸಂಶೋಧನೆ ನಡೆಸುತ್ತಿದೆ. ಕಡೂರು, ತರೀಕೆರೆ, ಅಜ್ಜಂಪುರದ ಹಳ್ಳಿಗಳಲ್ಲಿ ಅಂಥವರನ್ನು ಹುಡುಕಿಕೊಂಡು ಹೋಗಿ ವಿಚಾರಿಸುವವರು ಶಾಂಭವಿ. ಜನ ಹೊಲಕ್ಕೆ ಹೊರಡುವ ಮೊದಲೇ ಸಿಗಬೇಕು. ಹಾಗಾಗಿ ನಸುಕಿನಲ್ಲೇ ಕಡೂರು ಬಿಡುತ್ತಾರೆ. ದಿನಕ್ಕೆ ನಾಲ್ಕೈದು ಮನೆ. ನಿದ್ದೆ ಬರುತ್ತದೆಯೇ, ಊಟದ ತಟ್ಟೆ ಹಿಡಿಯಲು ಕೈಗೆ ಶಕ್ತಿಯಿದೆಯೇ ಎಂದು ಕೇಳಬೇಕು. ಕೆಲವು ಮನೆಗಳಲ್ಲಿ ಅಷ್ಟರಲ್ಲಿ ಉತ್ತರಿಸಬೇಕಾದವರೇ ತೀರಿಕೊಂಡಿರುತ್ತಾರೆ.

ಬಾಗಿಲು ತೆರೆದ ಈರಕ್ಕ, ಗಂಡನಿಗೆ ಸ್ವಲ್ಪ ಜ್ವರ, ಈಗಷ್ಟೇ ಕಣ್ಣು ಮುಚ್ಚಿದ್ದಾರೆ, ಎಬ್ಬಿಸಬೇಡಿ ಎನ್ನುತ್ತಾರೆ. ಶಾಂಭವಿಗೆ ಸಮಾಧಾನವಿಲ್ಲ. ಒಳಗೆ ಹೋಗಿ ನೋಡಿದರೆ ಓಬಳಪ್ಪನವರ ತುಟಿ ನೀಲಿಗಟ್ಟಿದೆ, ಉಸಿರು ಮೇಲಕ್ಕೆಳೆಯುತ್ತಿದೆ. ಕರೆದರೆ ಓಗೊಡುವುದಿಲ್ಲ. ಶಾಂಭವಿ ಅವರ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸುತ್ತಾರೆ. ರಕ್ತದಲ್ಲಿ ಆಕ್ಸಿಜನ್ ಬಹಳ ಕೆಳಗಿಳಿದಿದೆ. ಅವರು 108ಕ್ಕೆ ಫೋನ್ ಮಾಡುತ್ತಾರೆ.

ಈರಕ್ಕ ಅಡ್ಡ ನಿಲ್ಲುತ್ತಾರೆ. "ಮತ್ತೆ ಬಾಯಿಗೆ ಆ ಪೈಪು ಹಾಕ್ಸೋದು ಬ್ಯಾಡ ಕಣಮ್ಮ. ಅವ್ರ ಕಷ್ಟ ನನ್ ಕೈಲಿ ನೋಡಕ್ಕಾಗಲ್ಲ."

ಪ್ರಶ್ನೆ ಕೇಳುವುದಷ್ಟೇ ಶಾಂಭವಿಯ ಕೆಲಸ. ಮನೆಯವರ ತೀರ್ಮಾನದ ನಡುವೆ ಬಾಯಿ ಹಾಕುವ ಹಕ್ಕು ತನಗಿದೆಯೇ ಎಂಬ ಅಳುಕು ಅವರ ಮುಖದಲ್ಲೇ ಕಾಣುತ್ತದೆ. ಕೊನೆಗೆ ಈರಕ್ಕನನ್ನು ಕೂರಿಸಿ, ತಾವೂ ಪಕ್ಕದಲ್ಲಿ ನೆಲದ ಮೇಲೆ ಕೂರುತ್ತಾರೆ.

"ನಮ್ಮಪ್ಪನೂ ಐಸಿಯುನಿಂದ ನಡ್ಕೊಂಡೇ ಬಂದಿದ್ರು ಈರಕ್ಕ. ಆಮೇಲೆ ಜ್ವರ ಬಂತು. ಸುಸ್ತಿರ್ಬೇಕು, ಮಲಗ್ಲಿ ಅಂತ ಬಿಟ್ವಿ. ಮತ್ತೆ ಏಳ್ಲೇ ಇಲ್ಲ. ಬೇಗ ಹೋದ್ರೆ ಪೈಪು ಹಾಕ್ದೇನೂ ಆಗ್ಬೋದು. ಖಂಡಿತ ಅಂತ ಹೇಳಕ್ಕಾಗಲ್ಲ."

ಈರಕ್ಕ ಎದ್ದು, ಗಂಡನ ಬೆನ್ನಿಗೆ ಕೈ ಕೊಟ್ಟು ಒರಗಿಸುತ್ತಾರೆ. ಆಂಬುಲೆನ್ಸ್ ಬರುವವರೆಗೆ ಇಬ್ಬರೂ ಅವರನ್ನು ಹಾಗೇ ಹಿಡಿದು ಕೂತಿರುತ್ತಾರೆ.

ಓಬಳಪ್ಪನವರ ಶ್ವಾಸಕೋಶಕ್ಕೆ ಮತ್ತೆ ಸೋಂಕು ತಗುಲಿತ್ತು. ಈ ಸಲ ವೆಂಟಿಲೇಟರಿನ ಪೈಪು ಬೇಕಾಗಲಿಲ್ಲ. ಈಗ ಮನೆಗೆ ಬಂದಿದ್ದಾರೆ. ಗೋಡೆ ಹಿಡಿದು ಜಗಲಿಯವರೆಗೆ ನಡೆಯುತ್ತಾರೆ.

ಆದರೆ ಅಧ್ಯಯನ ಮುಂದಿನ ವರ್ಷ ಮುಗಿಯುತ್ತದೆ. ಶಾಂಭವಿಯ ಕೆಲಸವೂ ಅಲ್ಲಿಗೆ ಮುಗಿಯುತ್ತದೆ. ಆಮೇಲೆ ಏನು ಮಾಡುತ್ತೀರಿ ಎಂದು ಕೇಳಿದರೆ ಅವರು ತಮ್ಮ ವಿಷಯ ಎತ್ತುವುದೇ ಇಲ್ಲ.

"ಸ್ಟಡಿ ಮುಗೀಲಿ ಕಣ್ರೀ, ಪರ್ವಾಗಿಲ್ಲ. ಇವ್ರ ಮನೆಗಳಿಗೆ ಯಾರಾದ್ರೂ ಹೋಗ್ತಿರ್ಬೇಕು. ನಾನೇ ಆಗ್ಬೇಕು ಅಂತೇನಿಲ್ಲ."