ಡಿಗ್ರಿ ಇಲ್ಲದ ಪೆಟ್ಟಿಗೆ

ರೀ, ನಮ್ಮ ಮಲಗುವ ಕೋಣೆಯ ಬಟ್ಟೆಯ ಕ್ಲಾಸೆಟ್ಟಿನಲ್ಲಿ ನೆಲಕ್ಕೆ ಬೋಲ್ಟು ಹಾಕಿ ಕೂರಿಸಿರುವ ಕಬ್ಬಿಣದ ಪೆಟ್ಟಿಗೆಯೊಳಗೆ ನನ್ನ ಡಿಗ್ರಿ ಸರ್ಟಿಫಿಕೇಟು ಇಲ್ಲ. ಪಿಸ್ತೂಲು ಇದೆ. ಐದು ವರ್ಷ ಆಗುತ್ತ ಬಂತು. ನನ್ನದೇ, ಲೈಸೆನ್ಸು ನನ್ನ ಹೆಸರಿನಲ್ಲಿದೆ — ಆ ಲೈಸೆನ್ಸಿನ ಅರ್ಜಿಯಲ್ಲಿ ನಿಮ್ಮ ಸಹಿಯೂ ಇದೆ.

ನಾವು ಬಂದು ನೆಲೆಸಿದ ಈ ದೇಶದಲ್ಲಿ ಬಂದೂಕಿನ ಅರ್ಜಿ ಹಾಕುವವರ ಗಂಡನಿಗೋ ಹೆಂಡತಿಗೋ ವಿಷಯ ಗೊತ್ತಿರಬೇಕು, ಗೊತ್ತಿದೆ ಎಂದು ಸಹಿ ಹಾಕಬೇಕು. ನಮ್ಮ ಮನೆಯ ರೂಢಿ ನಿಮಗೆ ಹೇಳಬೇಕಿಲ್ಲ. ಇಂಗ್ಲಿಷ್ ಕಾಗದವನ್ನೆಲ್ಲ ನಾನು ಓದುವುದು, ನಾನು ಬೆರಳಿಟ್ಟಲ್ಲಿ ನೀವು ಸಹಿ ಹಾಕುವುದು. ಅವತ್ತು ಟ್ಯಾಕ್ಸಿನ ಕಾಗದ ಮತ್ತು ಕಾರಿನ ಇನ್ಶೂರೆನ್ಸಿನ ನಡುವೆ ಅದನ್ನು ಸೇರಿಸಿದ್ದೆ. ನೀವು ಪ್ಲಾಂಟಿಗೆ ಹೊರಟಿದ್ದಿರಿ, ಬೂಟು ಹಾಕಿಕೊಂಡೇ ಬಗ್ಗಿ ಕೇಳಿದಿರಿ:

“ಎಲ್ಲಿ ಹಾಕ್ಲಿ?”

ಬೆರಳಿಟ್ಟೆ.

ನಿಮ್ಮನ್ನು ನಾನು ಯಾಕೆ ಕೇಳಲಿಲ್ಲ? ನೀವು ಬೇಡ ಅನ್ನುತ್ತೀರಿ ಎಂದು — ಅಲ್ಲ, ಇದೂ ಸುಳ್ಳು. ಒಂದು ದಿನ ಮುಖ ಊದಿಸಿಕೊಂಡಿದ್ದು ಮರುದಿನ ಹೂಂ ಅನ್ನುತ್ತಿದ್ದಿರಿ. ಆದರೆ ಕೇಳಿದ್ದರೆ ಅದು ನಮ್ಮಿಬ್ಬರದಾಗುತ್ತಿತ್ತು. ನನಗೆ ನನ್ನದು ಅನ್ನುವಂಥದ್ದೊಂದು ಬೇಕಿತ್ತು. ಬ್ಯಾಡಗಿಯಲ್ಲಿ ಅವ್ವನ ಪಕ್ಕ ಕೂತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತ ಓದಿದವಳು ನಾನು. ನಮ್ಮ ಮನೆತನದಲ್ಲಿ ಮೊದಲ ಡಿಗ್ರಿ ನನ್ನದು. ಹೇಳುವಾಗ ಈಗಲೂ ಕತ್ತು ನೆಟ್ಟಗಾಗುತ್ತದೆ. ಕಾಲೇಜಿನ ಎನ್‌ಸಿಸಿಯಲ್ಲಿ ರೈಫಲ್ ಹಿಡಿದಾಗ ಕೈ ಅಲುಗಲಿಲ್ಲ. ಮೇಡಂ ನನ್ನ ಗುರಿಹಲಗೆಯನ್ನು ಎಲ್ಲರಿಗೂ ತೋರಿಸಿದ್ದರು. ಆ ಖುಷಿಯನ್ನು ಇಲ್ಲಿಗೆ ಬಂದು ಇಷ್ಟು ವರ್ಷವಾದ ಮೇಲೆ, ಅರೋರಾ ಊರಿನ ಆಚೆಯ ಶೂಟಿಂಗ್ ಕ್ಲಬ್ಬಿನಲ್ಲಿ ಮತ್ತೆ ಕಂಡೆ. ಐದು ಗುಂಡು, ಐದೂ ನಾಣ್ಯದಗಲದ ಜಾಗದಲ್ಲಿ! ಕಾರಿನಲ್ಲಿ ಕೂತು ಒಬ್ಬಳೇ ನಕ್ಕೆ. ಶನಿವಾರದ ಯೋಗ ಕ್ಲಾಸು ಅಂದೆನಲ್ಲ — ಅದು ಇದೇ.

ಇಲ್ಲಿಯ ಸರ್ಕಾರ ಕೈಬಂದೂಕಿನ ಮಾರಾಟ ನಿಲ್ಲಿಸುವ ಮೊದಲೇ ಒಂದು ಕೊಂಡೆ. ಇನ್ನು ಅದಕ್ಕೊಂದು ಪೆಟ್ಟಿಗೆ. ಅದನ್ನು ಹುಡುಕಿದ ವಾರದಷ್ಟು ಹುರುಪು ನನ್ನ ಮದುವೆ ಸೀರೆ ಆರಿಸುವಾಗಲೂ ಇರಲಿಲ್ಲ, ಬೇಜಾರಾಗಬೇಡಿ. ಅಗ್ಗವಾಗಿರಬೇಕು, ಗಟ್ಟಿಯಾಗಿರಬೇಕು, ಕ್ಷಣದಲ್ಲಿ ತೆರೆಯಬೇಕು, ಸದ್ದು ಮಾಡಬಾರದು. ಒಶಾವಾದ ಅಂಗಡಿಯಲ್ಲಿದ್ದ ಪಂಜಾಬಿ ಸರದಾರರು ಒಂದೊಂದನ್ನೇ ಇಳಿಸಿ ತೋರಿಸಿದರು. ಬೆರಳಚ್ಚಿನದು ಅಂದವಾಗಿತ್ತು. ಆದರೆ ಮೆಣಸಿನಕಾಯಿ ಬಿಡಿಸಿ ಸವೆದ ನನ್ನ ಬೆರಳನ್ನು ಅದು ನಾಲ್ಕು ಸಲದಲ್ಲಿ ಮೂರು ಸಲ ಒಲ್ಲೆ ಅಂದಿತು. ಎಲೆಕ್ಟ್ರಾನಿಕ್ಕಿನದು ಒತ್ತಿದಾಗೆಲ್ಲ ಪೀಪ್ ಎನ್ನುತ್ತಿತ್ತು. ಕೊನೆಗೆ ಸಿಕ್ಕಿತು — ಬ್ಯಾಟರಿ ಬೇಡದ, ಐದು ಒತ್ತುಗುಂಡಿಗಳ ಸಾದಾ ಪೆಟ್ಟಿಗೆ. ಒತ್ತಿದರೆ ಬಾಗಿಲು ಮೆತ್ತಗೆ ಬಿಚ್ಚಿಕೊಳ್ಳುತ್ತದೆ. ಅಲ್ಲೇ ನಿಂತು ಹತ್ತು ಸಲ ತೆರೆದು ಮುಚ್ಚಿದೆ. ಸರದಾರರು ಕನಿಕರದಿಂದ ಕೇಳಿದರು:

“ಚೋರ್ ಕಾ ಡರ್ ಹೈ, ಬೆಹನ್‌ಜಿ?”

ಹೌದು ಎಂದು ತಲೆಯಾಡಿಸಿದೆ. ಕಳ್ಳರ ಭಯ ನನಗಿರಲಿಲ್ಲ, ರೀ. ಶನಿವಾರ ನಿಮ್ಮ ಸ್ನಾನ ಐದು ನಿಮಿಷದ್ದು, ಬಚ್ಚಲು ಕ್ಲಾಸೆಟ್ಟಿನ ಪಕ್ಕದಲ್ಲೇ. ಅಷ್ಟರಲ್ಲಿ ಪಿಸ್ತೂಲು ಇದರಿಂದ ನನ್ನ ಯೋಗದ ಚೀಲದೊಳಗಿನ ಸಣ್ಣ ಪೆಟ್ಟಿಗೆ ಸೇರಬೇಕಿತ್ತು. ಜನ ಕಳ್ಳನಿಗಾಗಿ ಕೊಳ್ಳುವುದನ್ನು ನಾನು ನಿಮಗಾಗಿ ಕೊಂಡೆ.

ಟ್ರಿಗರಿಗೆ ಬೀಗ, ಗುಂಡುಗಳಿಗೆ ಬೇರೆ ಡಬ್ಬಿ ಎನ್ನುತ್ತದೆ ಇಲ್ಲಿಯ ಕಾನೂನು. ಆ ಕಾನೂನಿಗೆ ಒಂದು ದಿನವೂ ತಪ್ಪಲಿಲ್ಲ. ತಪ್ಪಿದ್ದು ನಿಮಗೆ.

ಬೋಲ್ಟು ಬಿಗಿದವರೂ ನೀವೇ. ಇದೇನು ಎಂದಿರಿ. ಡಿಗ್ರಿ ಇಡೋದಕ್ಕೆ, ಬೆಂಕಿಗಿಂಕಿ ಬಿದ್ದರೆ ಅಂತ — ಎಂದು ಬಾಯಿಗೆ ಬಂದದ್ದು ಹೇಳಿದೆ. ನಿಮ್ಮ ಮುಖ ಅರಳಿತು. ಮೊಣಕಾಲೂರಿ, ಬೆವರು ಸುರಿಸಿ ಬಿಗಿದಿರಿ.

“ನಂದೂ ಒಂದ್ ಹತ್ತನೇ ಕ್ಲಾಸಿನ ಮಾರ್ಕ್ಸ್ ಕಾರ್ಡ್ ಐತಲ್ಲ, ಮೂಲ್ಯಾಗ ಇಡು.”

“ಜಾಗಾ ಇಲ್ರೀ.”

“ಫೇಲಾದವ್ರಿಗೆ ಇಲ್ಲೂ ಸೀಟ್ ಇಲ್ಲೇನು?” ಎಂದು ನೀವು ನಕ್ಕಿರಿ. ನಾನೂ ನಕ್ಕೆ. ಆ ವಾರ ಪ್ಲಾಂಟಿನಲ್ಲಿ ಗೆಳೆಯರಿಗೆಲ್ಲ ಹೇಳಿದಿರಂತೆ, ನನ್ನ ಹೆಂಡತಿಯ ಡಿಗ್ರಿಗೆ ತಿಜೋರಿ ಕೊಂಡಿದ್ದೇವೆ ಎಂದು. ಆ ಡಿಗ್ರಿ ನನ್ನ ಆಫೀಸಿನ ಡ್ರಾಯರಿನಲ್ಲಿ, ಚಹಾ ಪೊಟ್ಟಣಗಳ ಕೆಳಗೆ ಬಿದ್ದಿದೆ. ಅವ್ವ ಅದನ್ನು ಸೆರಗಿನಲ್ಲಿ ಒರೆಸಿ ಕೊಟ್ಟಿದ್ದಳು.

ಈಗ ಲೈಸೆನ್ಸು ಹೊಸದು ಮಾಡಿಸಬೇಕು, ಮತ್ತೆ ನಿಮ್ಮ ಸಹಿ ಬೇಕು. ಮೊನ್ನೆ ಅರ್ಜಿಯನ್ನು ಮೇಜಿನ ಮೇಲೆ ಇಟ್ಟೆನಷ್ಟೆ, ನಾನು ಏನೂ ಹೇಳುವ ಮೊದಲೇ ನೀವು ಪೆನ್ನಿನ ಮುಚ್ಚಳ ತೆಗೆದಿರಿ. ಅರ್ಜಿ ವಾಪಸ್ಸು ಎಳೆದುಕೊಂಡೆ. ಇವತ್ತು ಬೇಡ ಎಂದೆ. ಯಾಕೆ ಎಂದೂ ನೀವು ಕೇಳಲಿಲ್ಲ. ಕೇಳಬಾರದಿತ್ತೆ, ಒಂದು ಸಲವಾದರೂ — ಇಲ್ಲ, ಕೇಳದಿದ್ದದ್ದು ನಿಮ್ಮ ತಪ್ಪಲ್ಲ.

ಅದಕ್ಕೇ ಇದನ್ನು ಕನ್ನಡದಲ್ಲಿ ಬರೆದಿದ್ದೇನೆ, ನೀವೇ ಓದಿಕೊಳ್ಳುವ ಹಾಗೆ. ಪೆಟ್ಟಿಗೆ ತೆರೆಯುವ ನಂಬರನ್ನು ಲೈಸೆನ್ಸಿಲ್ಲದ ನಿಮಗೆ ಹೇಳಲು ಕಾನೂನು ಬಿಡುವುದಿಲ್ಲ, ನಿಮ್ಮೆದುರು ನಾನೇ ತೆರೆಯುತ್ತೇನೆ. ಅರ್ಜಿಯನ್ನು ಸಾಲುಸಾಲಾಗಿ ಓದಿ ಅರ್ಥ ಹೇಳುತ್ತೇನೆ. ಆಮೇಲೆ ನೀವು ಒಲ್ಲೆ ಎಂದರೆ ಪಿಸ್ತೂಲನ್ನು ಪೊಲೀಸರಿಗೆ ಒಪ್ಪಿಸುತ್ತೇನೆ. ಈಗಿನ ಕಾನೂನಿನಲ್ಲಿ ಇನ್ನೊಂದು ಸಿಗುವುದಿಲ್ಲ, ಗೊತ್ತು. ಅವತ್ತು ನಾನು ಅತ್ತರೆ, ಪಾಪ, ತಪ್ಪಿಗೆ ಅಳುತ್ತಿದ್ದಾಳೆ ಎಂದುಕೊಳ್ಳಬೇಡಿ. ಪಿಸ್ತೂಲಿಗಾಗಿಯೇ ಅಳುತ್ತಿರುತ್ತೇನೆ. ಇನ್ನು ಅಷ್ಟು ಸಣ್ಣ ಸುಳ್ಳನ್ನೂ ನಿಮಗೆ ಹೇಳಲಾರೆ.